ಮೇಜಿನ ಗಾಜಿನ ಕೆಳಗಿದ್ದ ವಚನ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಒಬ್ಬರು ಒಂದು ಪ್ರಶ್ನೆ ಕೇಳಿದ್ದರು. ಸರ್ಕಾರಿ ಕಚೇರಿಗಳಲ್ಲಿ ಪ್ರತಿಯೊಬ್ಬರ ಮೇಜಿನ ಮೇಲೂ ಒಂದು ದೇವರ ಫೋಟೊ ಇರುತ್ತದೆ. ಕೈಮುಗಿಯದೆ ಯಾರೂ ಫೈಲು ಮುಟ್ಟುವುದಿಲ್ಲ. ಆದರೂ ಕೈ ಬಿಸಿ ಮಾಡದೆ ಕೆಲಸ ಆಗುವುದಿಲ್ಲ. ಹಾಗಾದರೆ ಇವರೆಲ್ಲ ಹುಡುಕುತ್ತಿರುವ ದೇವರು ಯಾರು? ಅವರು ಸಿಟ್ಟಿನಲ್ಲಿ ಬರೆದಿದ್ದರು. ಆ ಸಿಟ್ಟು ನ್ಯಾಯವಾದದ್ದೇ. ಓದಿದ ಮೇಲೆ ಎರಡು ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅಂಥ ಒಂದು ಮೇಜಿನ ಹಿಂದೆ ನಾನು 36 ವರ್ಷ ಕೂತಿದ್ದೇನೆ. ಹಾಗಾಗಿ ಉತ್ತರ ಬರೆಯುವುದು ನನ್ನ ಮೇಲೆ ಬಿದ್ದ ಸಾಲ ಅಂದುಕೊಂಡಿದ್ದೇನೆ.

ನಾನು ಗದಗದ ಪಕ್ಕದ ಬೆಟಗೇರಿಯವನು. ನಮ್ಮದು ಬಾಸೆಲ್ ಮಿಶನ್ ಕಾಲದಿಂದ ಕ್ರೈಸ್ತ ಮನೆತನ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಈ ಮಿಶನ್ನಿನವರು ಧರ್ಮಪ್ರಚಾರಕ್ಕೆ 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡದಲ್ಲಿ ಕೆಲಸ ಶುರುವಾಯಿತು, ಆಮೇಲೆ ಹುಬ್ಬಳ್ಳಿ, ಬೆಟಗೇರಿ. ನಮ್ಮಜ್ಜ ಇಲ್ಲೇ ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ನಾನು 1983ರಲ್ಲಿ ಗ್ರಾಮ ಲೆಕ್ಕಿಗನಾಗಿ ಕೆಲಸಕ್ಕೆ ಸೇರಿದೆ. ನಮ್ಮ ಕಡೆ ಹಿರಿಯರು ಈಗಲೂ ತಲಾಠಿ ಅಂತಲೇ ಕರೆಯುತ್ತಾರೆ. 2019ರಲ್ಲಿ ನಿವೃತ್ತನಾದೆ.

ಡಿಸೆಂಬರ್ 31ರ ರಾತ್ರಿ ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಆರಾಧನೆ ಇರುತ್ತದೆ. ಹಳೆ ವರ್ಷ ಮುಗಿಯುವಾಗ ಮೊಣಕಾಲೂರಿ ಪ್ರಾರ್ಥನೆ ಮಾಡುತ್ತೇವೆ, ಹನ್ನೆರಡು ಹೊಡೆದಾಗ ಎದ್ದು ನಿಂತು ಹಾಡುತ್ತೇವೆ. ಆಮೇಲೆ ಒಂದು ತಟ್ಟೆಯಲ್ಲಿ ಸಣ್ಣ ಸಣ್ಣ ಕಾರ್ಡು ಬರುತ್ತವೆ. ಒಂದೊಂದರ ಮೇಲೆ ಸತ್ಯವೇದದ, ಅಂದರೆ ಬೈಬಲಿನ, ಒಂದು ವಚನ. ಕೈಗೆ ಸಿಕ್ಕಿದ್ದು ಆ ವರ್ಷದ ವಾಗ್ದಾನ. 1990ರ ಕೊನೆಯ ರಾತ್ರಿ ನನಗೆ ಯೆರೆಮೀಯ ಪ್ರವಾದಿಯ ಪುಸ್ತಕದ 29ನೇ ಅಧ್ಯಾಯದ 13ನೇ ವಚನ ಬಂತು. ಪೂರ್ಣ ಮನಸ್ಸಿನಿಂದ ನನ್ನನ್ನು ಹುಡುಕಿದರೆ ನಾನು ನಿಮಗೆ ಸಿಗುತ್ತೇನೆ ಅಂತ ದೇವರು ಹೇಳುವ ಮಾತು ಅದು. ತಿಳಿನೀಲಿ ಕಾರ್ಡು, ಮೂಲೆಯಲ್ಲಿ ಒಂದು ಗುಲಾಬಿ ಹೂವು. ನನಗೆ ತುಂಬ ಖುಷಿಯಾಯಿತು. ಜನವರಿ 2ಕ್ಕೆ ಚಾವಡಿಗೆ ಹೋದವನೇ ಅದನ್ನು ಮೇಜಿನ ಗಾಜಿನ ಕೆಳಗೆ ಇಟ್ಟೆ. ಪಕ್ಕದಲ್ಲಿ ಆ ವರ್ಷದ ರಜೆಗಳ ಪಟ್ಟಿ. ಅಕ್ಷರ ನನ್ನ ಕಡೆ ಮುಖ ಮಾಡಿದ್ದವು. ಎದುರಿಗೆ ನಿಂತವರಿಗೆ ಅವು ತಲೆಕೆಳಗಾಗಿ ಕಾಣುತ್ತಿದ್ದವು.

ಆ ವರ್ಷ ಕಡಲೆ ಸುಗ್ಗಿ ಮುಗಿದ ಹೊತ್ತಿಗೆ ಒಬ್ಬ ಹೆಣ್ಣುಮಗಳು ಬಂದರು. ಗಂಡ ತೀರಿಕೊಂಡು ಆರು ತಿಂಗಳಾಗಿತ್ತು. 4 ಎಕರೆ 12 ಗುಂಟೆ ಎರೆ ಹೊಲ. ವಾರಸಾ ಆಗಬೇಕಿತ್ತು. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಗಂಡನ ಹೆಸರು ಹೋಗಿ ತಮ್ಮದೂ ಮಕ್ಕಳದೂ ಹೆಸರು ಬರಬೇಕು, ಇಲ್ಲದಿದ್ದರೆ ಸೊಸೈಟಿಯಲ್ಲಿ ಬೀಜ ಗೊಬ್ಬರದ ಸಾಲ ಹುಟ್ಟುವುದಿಲ್ಲ. ಇದು ದೊಡ್ಡ ಕೆಲಸವೇನಲ್ಲ. ಆಗ ಮರಣದ ದಾಖಲೆ, ವಂಶಾವಳಿ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕಿತ್ತು, ನೋಟಿಸ್ ಹಚ್ಚಬೇಕಿತ್ತು, 30 ದಿನ ಯಾರೂ ತಕರಾರು ಮಾಡದಿದ್ದರೆ ಕಂದಾಯ ನಿರೀಕ್ಷಕರು ಮಂಜೂರು ಮಾಡುತ್ತಿದ್ದರು. ನನ್ನ ಪಾಲಿನದು ಅರ್ಧ ಗಂಟೆಯ ಬರವಣಿಗೆ. ಆ ಅರ್ಧ ಗಂಟೆಗೆ ನಾನು ಅವರನ್ನು ನಾಲ್ಕು ಸಲ ಅಲೆಸಿದೆ. ವಂಶಾವಳಿ ಸರಿಯಿಲ್ಲ ಅಂದೆ. ಅದು ಸರಿಯಾಗಿಯೇ ಇತ್ತು.

ಐದನೇ ಸಲ ಬಂದಾಗ ಅವರು ಏನೂ ಕೇಳಲಿಲ್ಲ. ಸೆರಗಿನ ಗಂಟು ಬಿಚ್ಚಿದರು. ಹತ್ತು ರೂಪಾಯಿಯ ಹದಿನೈದು ನೋಟು. ನಾಲ್ಕು ಮಡಿಕೆ ಮಾಡಿ ಗಟ್ಟಿಯಾಗಿ ಒತ್ತಿದ್ದರಿಂದ ಒಂದಕ್ಕೊಂದು ಅಂಟಿಕೊಂಡಿದ್ದವು, ಬೆವರಿಗೆ ಹಸಿಯಾಗಿದ್ದವು. ಒಂದರ ಮೇಲೆ ಅರಿಶಿನದ ಕಲೆ. ಆಡು ಮಾರಿದ ದುಡ್ಡು ಅಂತ ಜೊತೆಗಿದ್ದ ಮುದುಕಿ ಹೇಳಿದಳು. ಆ ಹೆಣ್ಣುಮಗಳು ಒಂದೊಂದೇ ನೋಟನ್ನು ಗಾಜಿನ ಮೇಲಿಟ್ಟು, ಅಂಗೈಯಿಂದ ಒತ್ತಿ, ಮಡಿಕೆ ಬಿಡಿಸಿದರು. ನನಗೆ ಎಣಿಸಲು ಅನುಕೂಲವಾಗಲಿ ಅಂತ. ನನ್ನ ವಚನ ನೋಟುಗಳ ಕೆಳಗೆ ಮುಚ್ಚಿಹೋಯಿತು. ನಾನು ನೋಟು ಎತ್ತಿ ಡ್ರಾಯರಿಗೆ ಹಾಕಿದೆ. ವಚನ ಮತ್ತೆ ಕಾಣಿಸಿತು. ಓದಿದೆ ಕೂಡ. ನನಗೆ ಏನೂ ಆಗಲಿಲ್ಲ. ಸಂಪಾದಕರೇ, ಇಷ್ಟು ವರ್ಷದ ಮೇಲೂ ನನಗೆ ಹೆದರಿಕೆ ಹುಟ್ಟಿಸುವುದು ಅದೇ. ಏನೂ ಆಗಲಿಲ್ಲ.

ಮುಂದಿನ ಭಾನುವಾರ ಚರ್ಚಿನಲ್ಲಿ ಕಾಣಿಕೆ ಚೀಲ ಬಂದಾಗ ಜೇಬಿಗೆ ಕೈ ಹಾಕಿದೆ. ಬಂದದ್ದು ಆ ಅರಿಶಿನದ ನೋಟು. ಹಾಕಿ, ಚೀಲ ಪಕ್ಕದವರಿಗೆ ಕೊಟ್ಟೆ.

ನಾನು ನಾಟಕ ಮಾಡುತ್ತಿದ್ದೆ ಅಂತ ಪತ್ರ ಬರೆದವರು ಹೇಳಬಹುದು. ಇಲ್ಲ. ದಿನಾ ಬೆಳಿಗ್ಗೆ ಮೊಣಕಾಲೂರುತ್ತಿದ್ದೆ. ಗುಡ್ ಫ್ರೈಡೆ ದಿನ ಮೂರು ತಾಸಿನ ಆರಾಧನೆಯಲ್ಲಿ ಶಿಲುಬೆಯ ಮಾತುಗಳನ್ನು ಕೇಳುವಾಗ ನಿಜವಾಗಿ ಅಳು ಬರುತ್ತಿತ್ತು. ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೆ, ಆ ಮಕ್ಕಳ ಮೇಲೆ ಪ್ರೀತಿಯೂ ಇತ್ತು. ಅರ್ಧ ಮನಸ್ಸು ಅಂದರೆ ಸುಳ್ಳು ಮನಸ್ಸು ಅಂತ ನಾವೆಲ್ಲ ತಿಳಿದಿದ್ದೇವೆ. ನನ್ನ ಅನುಭವದಲ್ಲಿ ಆ ಅರ್ಧ ನಿಜವಾದದ್ದೇ. ನಿಜವಾದದ್ದಾಗಿದ್ದರಿಂದಲೇ ಉಳಿದ ಅರ್ಧವನ್ನು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಮೇಜಿನ ಮೇಲೆ ದೇವರ ಫೋಟೊ ಇಟ್ಟವರಲ್ಲಿ ಹೆಚ್ಚಿನವರು ಕಪಟಿಗಳಲ್ಲ ಅಂತ ನಾನು ಹೇಳುವುದು ಅದಕ್ಕೇ. ಅವರು ದೇವರಿಗೆ ಒಂದು ಕೋಣೆ ಕೊಟ್ಟಿದ್ದಾರೆ. ಆ ಕೋಣೆಯನ್ನು ಚೆನ್ನಾಗಿ ಗುಡಿಸಿ ಇಟ್ಟಿದ್ದಾರೆ. ಡ್ರಾಯರ್ ಇರುವುದು ಬೇರೆ ಕೋಣೆಯಲ್ಲಿ.

ಐದೂವರೆ ವರ್ಷ ಹೀಗೇ ನಡೆಯಿತು.

ನಮ್ಮ ಮನೆಯಲ್ಲಿ ರಾತ್ರಿ ಊಟದ ಮೇಲೆ ಒಂದು ಅಧ್ಯಾಯ ಓದುವ ರೂಢಿ. ಆದಿಕಾಂಡದಿಂದ ಪ್ರಕಟನೆಯವರೆಗೆ ಬಿಡದೆ, ಸಾಲಾಗಿ. ಸತ್ಯವೇದದಲ್ಲಿ 1,189 ಅಧ್ಯಾಯಗಳಿವೆ, ಒಂದು ಸುತ್ತು ಮುಗಿಯಲು ಮೂರು ವರ್ಷದ ಮೇಲೆ ಬೇಕು. 1996ರ ಮಳೆಗಾಲದ ಕೊನೆಗೆ ದಾನಿಯೇಲನ 6ನೇ ಅಧ್ಯಾಯ ಬಂತು. ಕರೆಂಟು ಹೋಗಿತ್ತು. ನನ್ನ ಹೆಂಡತಿ ಕಂದೀಲಿನ ಬೆಳಕಿನಲ್ಲಿ ಓದುತ್ತಿದ್ದಳು. ಪ್ರಾರ್ಥನೆ ಬಿಡಲಿಲ್ಲ ಅಂತ ದಾನಿಯೇಲನನ್ನು ಸಿಂಹದ ಗವಿಗೆ ಹಾಕಿದ ಕಥೆ, ನನಗೆ ಬಾಯಿಪಾಠ. ಆದರೆ ಗವಿಗೆ ಹೋಗುವ ಮೊದಲು ಒಂದು ಸಣ್ಣ ವಿಷಯ ಇದೆ. ಅದನ್ನು ನಾನು ಮಕ್ಕಳಿಗೆ ಎಂದೂ ಹೇಳಿರಲಿಲ್ಲ. ದಾನಿಯೇಲ ಬಾಬೆಲಿನಲ್ಲಿ, ಅಂದರೆ ಬ್ಯಾಬಿಲೋನಿನಲ್ಲಿ, ದೊಡ್ಡ ಸರ್ಕಾರಿ ಅಧಿಕಾರಿ. 120 ಅಧಿಪತಿಗಳ ಮೇಲೆ ಮೂವರು, ಆ ಮೂವರಲ್ಲಿ ಇವನೊಬ್ಬ. ಹೊಟ್ಟೆಕಿಚ್ಚಿನ ಜನ ಅವನನ್ನು ಕೆಡವಬೇಕು ಅಂತ ಮೊದಲು ಹುಡುಕಿದ್ದು ಅವನ ಪ್ರಾರ್ಥನೆಯನ್ನಲ್ಲ, ಅವನ ಕಚೇರಿಯ ಕೆಲಸವನ್ನು. ಲೆಕ್ಕಪತ್ರ ಜಾಲಾಡಿದರು. ಒಂದು ತಪ್ಪೂ ಸಿಗಲಿಲ್ಲ, ಯಾಕೆಂದರೆ ಅವನು ನಂಬಿಗಸ್ತನಾಗಿದ್ದ. ಕಚೇರಿಯಲ್ಲಿ ಏನೂ ಸಿಗದ ಮೇಲೆಯೇ ಅವರು ಅವನ ದೇವರ ವಿಷಯಕ್ಕೆ ಕೈ ಹಾಕಿದ್ದು.

ನಾನು ಕೈ ಎತ್ತಿ, ನಿಲ್ಲಿಸು ಅಂದೆ. ಅವಳು ಕಂದೀಲು ಹೊಗೆಯಾಡುತ್ತಿದೆ ಅಂದುಕೊಂಡು ಬತ್ತಿ ಸರಿಮಾಡಿದಳು. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ. ನನ್ನನ್ನು ಕೆಡವಬೇಕು ಅಂದವರಿಗೆ ಗವಿಯೂ ಬೇಡ, ಸಿಂಹವೂ ಬೇಡ, ನನ್ನ ಡ್ರಾಯರ್ ಎಳೆದರೆ ಸಾಕು. ನನ್ನ ಪ್ರಾರ್ಥನೆಯವರೆಗೆ ಅವರು ಬರಬೇಕಾಗಿಯೇ ಇಲ್ಲ.

ಆಮೇಲೆ ನಾನು ಲೆಕ್ಕ ಹಾಕಿದೆ, ಲೆಕ್ಕಿಗನಲ್ಲವೇ. ಯೆರೆಮೀಯ 29ರಿಂದ ದಾನಿಯೇಲ 6ಕ್ಕೆ 82 ಅಧ್ಯಾಯ. ಅಂದರೆ ಸುಮಾರು ಮೂರು ತಿಂಗಳ ಹಿಂದೆ ಅದೇ ಕಂದೀಲಿನ ಮುಂದೆ, ಅದೇ ದನಿಯಲ್ಲಿ, ನನ್ನ ಕಾರ್ಡಿನ ವಚನವನ್ನು ಕೇಳಿಸಿಕೊಂಡು ಆಮೆನ್ ಅಂದು ಮಲಗಿದ್ದೆ.

ಆ ರಾತ್ರಿ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಕೇಳಿದ್ದು ಒಂದೇ ಮಾತು: "ಈ ಮಗುವಿನ ಶಾಲೆ ಫೀಸೂ ಅದರಿಂದಲೇ ಕಟ್ಟಿದ್ದಾ?" ಹೌದು ಅಂದೆ. ಅವಳು ಒಂದು ಹಳೆ ನೋಟುಬುಕ್ಕು ತಂದು ಕೊಟ್ಟಳು. ನೆನಪಿದ್ದ ಹೆಸರು ಬರೆಯುತ್ತಾ ಹೋದೆ. ಬೆಳಗಿನ ಜಾವದ ಹೊತ್ತಿಗೆ 43 ಆಗಿದ್ದವು. ಯಾರಿಂದ, ಯಾವ ಕೆಲಸಕ್ಕೆ, ಎಷ್ಟು. ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂತ ಸುಂಕದ ಜಕ್ಕಾಯ ಯೇಸುವಿನ ಮುಂದೆ ಹೇಳಿದ. ನನಗೆ ಅಷ್ಟು ಶಕ್ತಿ ಇರಲಿಲ್ಲ. ಇದ್ದಷ್ಟನ್ನು ಕೊಡಲು ಮೂರು ವರ್ಷ ಹಿಡಿಯಿತು. ಕೆಲವರು ಸತ್ತಿದ್ದರು, ಅವರ ವಾರಸುದಾರರಿಗೆ ಕೊಟ್ಟೆ. ಕೆಲವರು ತೆಗೆದುಕೊಳ್ಳಲಿಲ್ಲ. ಒಬ್ಬರು ನನಗೆ ತಲೆ ಕೆಟ್ಟಿದೆ ಅಂತ ಊರಿಗೆಲ್ಲ ಹೇಳಿದರು.

ಆ ಹೆಣ್ಣುಮಗಳ ಮನೆಗೆ ಮೊದಲು ಹೋದೆ. ಅವರು ಅಂಗಳದಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. 150 ರೂಪಾಯಿ ಕೈಯಲ್ಲಿ ಹಿಡಿದು, ಇದು ನಿಮ್ಮ ದುಡ್ಡು ಅಂದೆ. ಅವರಿಗೆ ನೆನಪಿತ್ತು. ಮುಖ ಅರಳಿತು. "ಸರ್ಕಾರದ ಫೀ ವಾಪಸ್ ಬಂತೇನ್ರೀ ಸಾಹೇಬ್ರ?" ಅಂದರು. ಐದು ವರ್ಷ ಅವರು ಅದನ್ನು ಫೀ ಅಂತಲೇ ತಿಳಿದಿದ್ದರು. ಸರ್ಕಾರಕ್ಕೆ ಕಟ್ಟಬೇಕಾದದ್ದನ್ನು ಕಟ್ಟಿದ್ದೇನೆ ಅಂತ. ಬಡವರ ಆಡು ಮಾರಿಸುವ ಸರ್ಕಾರ ಇದು ಅಂತ ಅವರಿಗೆ ಕಲಿಸಿದವನು ನಾನು. ಆ ಕ್ಷಣ ಹೌದು ಅಂದುಬಿಡಬಹುದಿತ್ತು. ದುಡ್ಡೂ ಮುಟ್ಟುತ್ತಿತ್ತು, ನನ್ನ ಮಾನವೂ ಉಳಿಯುತ್ತಿತ್ತು. ಬಾಯಿ ತೆರೆದೆ, ಹೌದು ಅನ್ನುವುದರಲ್ಲಿದ್ದೆ. ಆಮೇಲೆ ಹೇಳಿದೆ. ಇಲ್ಲಮ್ಮ, ಫೀ ಇರಲಿಲ್ಲ, ನಾನು ತಿಂದಿದ್ದೆ.

ಅವರು ಮೊರ ಕೆಳಗಿಟ್ಟರು. ನೋಟು ತೆಗೆದುಕೊಂಡು ಎರಡು ಸಲ ಎಣಿಸಿದರು. ಸೆರಗಿಗೆ ಗಂಟು ಹಾಕಿಕೊಂಡರು. ಮತ್ತೆ ಮೊರ ಎತ್ತಿಕೊಂಡರು. ನಮ್ಮ ಕಡೆ ಬಿಸಿಲಲ್ಲಿ ಬಂದ ವೈರಿಗೂ ಒಂದು ತಂಬಿಗೆ ನೀರು ಕೊಡುತ್ತಾರೆ. ಅವತ್ತು ನನಗೆ ನೀರು ಸಿಗಲಿಲ್ಲ. ಅದು ಸರಿಯಾಗಿತ್ತು.

ಇಲ್ಲಿಗೆ ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ನಮ್ಮ ಕೂಟಗಳಲ್ಲಿ ಸಾಕ್ಷಿ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಹಾಗಿದ್ದೆ, ದೇವರು ಮುಟ್ಟಿದ, ಹೀಗಾದೆ. ನಿಜವಾದ ಕಷ್ಟ ಅಲ್ಲಿಂದ ಶುರುವಾಗುತ್ತದೆ. ತೆಗೆದುಕೊಳ್ಳದವನ ಜೊತೆ ಕೆಲಸ ಮಾಡುವುದು ಉಳಿದವರಿಗೆ ತ್ರಾಸು. ನಾಲ್ಕು ವರ್ಷದಲ್ಲಿ ಮೂರು ವರ್ಗಾವಣೆ ಆಯಿತು. ಮಗನಿಗೆ ಸೀಟು ಸಿಕ್ಕರೂ ಕಟ್ಟಲು ದುಡ್ಡಿರಲಿಲ್ಲ, ಅವನು ಡಿಪ್ಲೊಮಾ ಓದಿದ. ಅವನು ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಆದರೆ ನಾನು ಪ್ರತಿ ವರ್ಷ ಜೂನ್ ತಿಂಗಳಲ್ಲಿ ಅದನ್ನು ನೆನೆಸಿಕೊಳ್ಳುತ್ತಿದ್ದೆ. 2003ರಲ್ಲಿ ಬರಗಾಲ. ಒಬ್ಬರು ಎರಡು ಚೀಲ ಜೋಳವನ್ನು ಪ್ರೀತಿಯಿಂದ ಕೊಡುವವರ ಹಾಗೆ ಮನೆಗೆ ತಂದು ಇಳಿಸಿದರು. ಸುಮ್ನೆ ಇಟ್ಟುಕೊಂಡೆ. ಒಂದು ಚೀಲ ಅರ್ಧ ಖಾಲಿಯಾದ ಮೇಲೆ ಹೆಂಡತಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ನೋಟುಬುಕ್ಕಿನಲ್ಲಿ 44ನೇ ಹೆಸರು ಅವರದು.

ಭೂಮಿ ಯೋಜನೆ ಬಂದಾಗ ಇನ್ನು ಲಂಚದ ಕಾಟ ಮುಗಿಯಿತು ಅಂತ ಪತ್ರಿಕೆಗಳೆಲ್ಲ ಬರೆದವು. ಕೈಬರಹದ ಉತಾರ ಹೋಯಿತು, ತಾಲ್ಲೂಕಿನ ಕಂಪ್ಯೂಟರ್ ಕಿಟಕಿಯಲ್ಲಿ 15 ರೂಪಾಯಿಗೆ ಉತಾರ ಸಿಗತೊಡಗಿತು. ಅದು ನಿಜಕ್ಕೂ ಒಳ್ಳೆಯ ಕೆಲಸ, ರೈತರ ಎಷ್ಟೋ ಅಲೆದಾಟ ತಪ್ಪಿತು. ಆದರೆ ಸ್ಥಳಕ್ಕೆ ಹೋಗಿ ವರದಿ ಬರೆಯುವವನು ಮನುಷ್ಯನೇ. ಅವನ ಮನಸ್ಸಿಗೆ ಕಂಪ್ಯೂಟರ್ ಇಲ್ಲ.

ಒಂದು ಮಾತು ಹೇಳಲೇಬೇಕು. ನಾನು ತಿನ್ನುತ್ತಿದ್ದ ಕಾಲದಲ್ಲೇ ನಮ್ಮ ಹೋಬಳಿಯಲ್ಲಿ ಒಬ್ಬ ಹಿರಿಯ ಸಹೋದ್ಯೋಗಿ ಇದ್ದರು. ದಿನಾ ಇಷ್ಟಲಿಂಗ ಪೂಜೆ ಮಾಡದೆ ನೀರು ಮುಟ್ಟದವರು. ಒಂದು ಪೈಸೆ ಮುಟ್ಟಿದವರಲ್ಲ. ಜನ ಕೊಡಲು ಬಂದರೆ, "ಇದು ಕಾಯಕ, ಇದಕ್ಕೆ ಪಗಾರ ಐತಿ" ಅನ್ನುತ್ತಿದ್ದರು. ಸತ್ಯವೇದದಲ್ಲಿ ಸ್ನಾನಿಕನಾದ ಯೋಹಾನ ತನ್ನ ಹತ್ತಿರ ಬಂದ ಸಿಪಾಯಿಗಳಿಗೆ ಹೇಳಿದ್ದೂ ಅದನ್ನೇ, ನಿಮ್ಮ ಸಂಬಳದಲ್ಲಿ ತೃಪ್ತರಾಗಿರಿ ಅಂತ. ಆ ಮಾತು ನನ್ನ ಪುಸ್ತಕದಲ್ಲಿತ್ತು, ಅವರ ಕೈಯಲ್ಲಿತ್ತು. ನಿವೃತ್ತರಾಗುವ ದಿನ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಯಾಕೆ ಅಂತ ಅವರು ಕೇಳಲಿಲ್ಲ. ಅವರಿಗೆ ಗೊತ್ತಿತ್ತು ಅಂತ ಕಾಣುತ್ತದೆ.

ಈಗ ಆ ವಚನದ ವಿಷಯ. ನಿವೃತ್ತನಾದ ಮೇಲೆ ಸಮಯ ಸಿಕ್ಕಿತು, ಯೆರೆಮೀಯನ ಆ ಅಧ್ಯಾಯವನ್ನು ನಿಧಾನವಾಗಿ, ಹಲವು ಸಲ ಓದಿದೆ. ಆ ವಚನ ಇರುವುದು ಒಂದು ಪತ್ರದಲ್ಲಿ. ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಹೋದ ಜನಕ್ಕೆ ಪ್ರವಾದಿ ಬರೆದ ಪತ್ರ. ಅದನ್ನು ಒಯ್ದವರು ಅರಸನ ಕೆಲಸದ ಮೇಲೆ ಹೊರಟಿದ್ದ ಇಬ್ಬರು. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಅಂತ ಒಬ್ಬ ಪ್ರವಾದಿ ಜನರ ಮುಂದೆ ನಿಂತು, ಇನ್ನು ಎರಡೇ ವರ್ಷ, ಎಲ್ಲ ವಾಪಸ್ ಬರುತ್ತದೆ ಅಂದಿದ್ದ. ಜನಕ್ಕೆ ಅದು ಬೇಕಿತ್ತು. ಯೆರೆಮೀಯ ಹೇಳಿದ್ದು 70 ವರ್ಷ. ಅಲ್ಲಿಯವರೆಗೆ ಮನೆ ಕಟ್ಟಿ ಇರಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳ ಮದುವೆ ಮಾಡಿ, ನೀವಿರುವ ಆ ಪರದೇಶದ ಊರಿನ ಕ್ಷೇಮಕ್ಕಾಗಿ ದುಡಿಯಿರಿ, ಅದಕ್ಕಾಗಿ ಪ್ರಾರ್ಥಿಸಿ. ಇಷ್ಟೆಲ್ಲ ಬರೆದ ಮೇಲೆ ಬರುತ್ತದೆ, ಪೂರ್ಣ ಮನಸ್ಸಿನಿಂದ ಹುಡುಕಿದರೆ ಸಿಗುತ್ತೇನೆ ಅನ್ನುವ ಮಾತು.

ನಮ್ಮ ಕಾರ್ಡಿನಲ್ಲಿ ಆ ಒಂದು ಸಾಲು ಮಾತ್ರ ಇತ್ತು. ತೋಟವೂ ಇಲ್ಲ, ಊರೂ ಇಲ್ಲ, 70 ವರ್ಷವೂ ಇಲ್ಲ, ಗುಲಾಬಿ ಹೂವು ಒಂದೇ. ಪೂರ್ಣ ಮನಸ್ಸು ಅಂದರೆ ಕೂಟದಲ್ಲಿ ಕೈ ಎತ್ತಿ ಅಳುವುದು ಅಂತ ನಾನು ತಿಳಿದದ್ದು ಅದಕ್ಕೇ ಇರಬೇಕು. ಆ ಪತ್ರ ಓದಿದ ಜನ ದೇವರನ್ನು ಹುಡುಕಬೇಕಾಗಿದ್ದದ್ದು ಬಾಬೆಲಿನ ಬೀದಿಗಳಲ್ಲಿ, ದಿನದ ಕೆಲಸದ ನಡುವೆ, ವೈರಿಯ ಊರಿಗೆ ಒಳ್ಳೆಯದು ಮಾಡುತ್ತಾ. ದಾನಿಯೇಲ ಅದೇ ಊರಿನಲ್ಲಿದ್ದ. ಹುಡುಗನಾಗಿದ್ದಾಗ ಸೆರೆಬಂದವನು, ಸಿಂಹದ ಗವಿಯ ಹೊತ್ತಿಗೆ ಎಂಬತ್ತರ ಆಸುಪಾಸಿನ ಮುದುಕ. ಅರಸರು ಬದಲಾದರು, ರಾಜ್ಯವೇ ಬದಲಾಯಿತು. ಅವನು ದಿನಕ್ಕೆ ಮೂರು ಸಲ ಮೊಣಕಾಲೂರುವುದನ್ನು ಬಿಡಲಿಲ್ಲ, ಲೆಕ್ಕಪತ್ರ ಕೆಡಿಸಲಿಲ್ಲ. ಎರಡೂ ಒಂದೇ ಮನಸ್ಸಿನಿಂದ ಆದ ಕೆಲಸ.

ನಮ್ಮ ಮಿಶನ್ನಿನ ಕಿಟೆಲ್ ಸಾಹೇಬರು 1853ರಲ್ಲಿ ಈ ನಾಡಿಗೆ ಬಂದರು. ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ನಡುವೆ 41 ವರ್ಷ, ಸುಮಾರು 70,000 ಪದ. ದೇವರ ವಾಕ್ಯ ಸಾರಲು ಬಂದವರು ಜನರ ಮಾತನ್ನು ಒಂದೊಂದಾಗಿ ಕೂಡಿಸುತ್ತಾ ಮುದುಕರಾದರು. ಅದೂ ಅವರ ಪ್ರಾರ್ಥನೆಯೇ ಆಗಿತ್ತು ಅಂತ ನಾನು ನಂಬುತ್ತೇನೆ.

ಮೂರೇ ದಿನದಲ್ಲಿ ಪವಾಡ ಅಂತ ಪೋಸ್ಟರ್ ಅಂಟಿಸುವ ಸಹೋದರರಲ್ಲಿ ನನ್ನದೊಂದು ಕೋರಿಕೆ. ಜನ ಕಷ್ಟದಲ್ಲಿ ಬರುತ್ತಾರೆ. ಅವರಿಗೆ ಆ ಪತ್ರವನ್ನು ಮೊದಲ ಸಾಲಿನಿಂದ ಓದಿ ಹೇಳಿ. ಸಾಕ್ಷಿ ಅನ್ನುವ ಮಾತಿನ ಬೆಲೆ ನನಗೆ ಕಂದಾಯ ಇಲಾಖೆಯಲ್ಲಿ ಗೊತ್ತಾದದ್ದು. ಪಂಚನಾಮೆಗೆ ಸಾಕ್ಷಿ ಹಾಕುವವನು ಆ ಜಾಗದಲ್ಲಿ ಕಾಲೂರಿ ನಿಂತಿರಬೇಕು. ನೌಕರಿ ಸಿಕ್ಕಿತು, ವೀಸಾ ಸಿಕ್ಕಿತು ಅನ್ನುವ ಸಾಕ್ಷಿಗಳನ್ನು ಬಹಳ ಕೇಳಿದ್ದೇನೆ, ಅದರಲ್ಲಿ ತಪ್ಪಿಲ್ಲ, ಸಂತೋಷವೇ. ಆದರೆ ಸಿಕ್ಕ ನೌಕರಿಯಲ್ಲಿ ಕೈ ಶುದ್ಧವಾಗಿ ಇಟ್ಟುಕೊಂಡೆ ಅಂತ ಒಬ್ಬರಾದರೂ ಎದ್ದು ಹೇಳಿದ್ದು ನನಗೆ ನೆನಪಿಲ್ಲ. ನನ್ನ ಬಾಯಿಂದಲೂ ಅದು ಬಂದಿರಲಿಲ್ಲ. ಈ ವರ್ಷ ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲದ ಒಂದು ಶುಕ್ರವಾರ ಸಭೆಯ ಮುಂದೆ ನಿಂತು ಆ 44 ಹೆಸರಿನ ವಿಷಯ ಹೇಳಿದೆ. ಯಾರೂ ಹಲ್ಲೆಲೂಯ ಅನ್ನಲಿಲ್ಲ. ಕೂಟ ಮುಗಿದ ಮೇಲೆ ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಒಬ್ಬ ಹುಡುಗ ಹತ್ತಿರ ಬಂದ. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದೆಯಂತೆ. "ಅಂಕಲ್, ಆ ನೋಟುಬುಕ್ಕು ಒಮ್ಮೆ ನೋಡಬಹುದಾ?" ಅಂದ. ಮರುದಿನ ಸಂಜೆ ಮನೆಗೆ ಬಂದು ಎರಡು ತಾಸು ಕೂತು ಹೋದ.

ಪತ್ರ ಬರೆದ ಆ ಓದುಗರಿಗೆ: ನಿಮ್ಮಿಂದ ಯಾರೋ ಒಬ್ಬರು ತೆಗೆದುಕೊಂಡಿರಬೇಕು, ಅದಕ್ಕೇ ಅಷ್ಟು ಸಿಟ್ಟು. ಅವರ ಪರವಾಗಿ ನಾನು ಕ್ಷಮೆ ಕೇಳಿದರೆ ಏನೂ ಉಪಯೋಗವಿಲ್ಲ, ಗೊತ್ತು. ಆದರೂ ಕೇಳುತ್ತೇನೆ.

ಸಂಪಾದಕರೇ, ದಯವಿಟ್ಟು ನನ್ನ ಹೆಸರು ಹಾಕಬೇಡಿ. ನನ್ನ ಮಾನ ಉಳಿಸಿಕೊಳ್ಳಲು ಹೇಳುತ್ತಿಲ್ಲ, ನನ್ನ ಸಭೆಯವರಿಗೆ ಇದೆಲ್ಲ ಈಗ ಗೊತ್ತಿದೆ. ಹೆಸರು ಬಂದರೆ ನಾನಿದ್ದ ಊರು ಗೊತ್ತಾಗುತ್ತದೆ, ಊರು ಗೊತ್ತಾದರೆ ಆ ತಾಯಿಯ ಮನೆ ಗೊತ್ತಾಗುತ್ತದೆ. ಅವರು ಹೋಗಿ ಆರು ವರ್ಷವಾಯಿತು. ಆ 4 ಎಕರೆ 12 ಗುಂಟೆ ಈಗ ಮೊಮ್ಮಕ್ಕಳ ಹೆಸರಿನಲ್ಲಿದೆ. ಮಣ್ಣಿಗೆ ಹೋಗಿದ್ದಾಗ ಅವರ ಸೊಸೆ ನನಗೆ ಒಂದು ತಂಬಿಗೆ ನೀರು ಕೊಟ್ಟಳು.

— ನಿವೃತ್ತ ಗ್ರಾಮ ಲೆಕ್ಕಿಗ, ಬೆಟಗೇರಿ